ನಮಗೂ ಒಂದು ಆರ್‌ಸಿಎ ಬೇಕು

2024ರ ಸೆಪ್ಟೆಂಬರ್ 17, ಮಂಗಳವಾರ, ಅನಂತ ಚತುರ್ದಶಿ. ಗಣಪತಿಯನ್ನು ಕಳಿಸಿಕೊಡಲು ಇಡೀ ಮುಂಬೈ ಬೀದಿಗಿಳಿಯುವ ದಿನ. ಅಂದೇ ಆ ನಗರದಲ್ಲಿ ಜಿಯೋ ನೆಟ್‌ವರ್ಕ್ ಕುಸಿಯಿತು. ಕರೆ ಹೋಗಲಿಲ್ಲ, ಡೇಟಾ ಬರಲಿಲ್ಲ. ಕನ್ನಡದಲ್ಲಿ ನಾವು ಜಂಗಮವಾಣಿ ಎಂದು ಚಂದದ ಹೆಸರಿಟ್ಟ ವಸ್ತು ಕೈಯಲ್ಲೇ ಸ್ಥಾವರವಾಗಿ ಕೂತಿತು. ಡೌನ್‌ಡಿಟೆಕ್ಟರ್ ತಾಣದಲ್ಲಿ ದೂರುಗಳು ಹತ್ತು ಸಾವಿರ ದಾಟಿದವು. ಡೇಟಾ ಸೆಂಟರ್ ಒಂದರಲ್ಲಿ ಬೆಂಕಿ ಬಿದ್ದಿದೆಯೆಂದು, ಹೆಸರು ಹೇಳದ ಮೂಲಗಳನ್ನು ನಂಬಿ ಪತ್ರಿಕೆಗಳು ಬರೆದವು. ಕಂಪನಿ ಹೇಳಿದ್ದಿಷ್ಟು: ಸಣ್ಣಪುಟ್ಟ ತಾಂತ್ರಿಕ ಸಮಸ್ಯೆಗಳಿಂದ ಮುಂಬೈನ ಕೆಲವು ಗ್ರಾಹಕರಿಗೆ ಬೆಳಿಗ್ಗೆ ಅಡಚಣೆಯಾಗಿತ್ತು, ಈಗ ಎಲ್ಲ ಸರಿಹೋಗಿದೆ.

2025ರ ಜೂನ್ 16ರಂದು ಅದೇ ಕಂಪನಿಯ ನೆಟ್‌ವರ್ಕ್ ಕೇರಳದಲ್ಲಿ ಕೈಕೊಟ್ಟಿತು. ಅದೇ ಆಗಸ್ಟ್ 18ರಂದು ದೆಹಲಿಯಲ್ಲಿ ಏರ್‌ಟೆಲ್ ಬಿತ್ತು. ವಾರ ತುಂಬುವುದರೊಳಗೆ, 24ರಂದು, ಬೆಂಗಳೂರು ಮತ್ತಿತರ ನಗರಗಳಲ್ಲಿ ಮತ್ತೆ ಬಿತ್ತು. ಅದಕ್ಕೆ ಸಿಕ್ಕ ಉತ್ತರ, ತಾತ್ಕಾಲಿಕ ಅಡಚಣೆ, ಸ್ವಲ್ಪ ಹೊತ್ತು ಬಿಟ್ಟು ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂಬುದು. ತಪ್ಪು ನಮ್ಮ ಫೋನಿನದೇ ಏನೋ ಎಂಬಂತೆ!

ನೆಟ್‌ವರ್ಕ್ ಬಿತ್ತಲ್ಲ ಎಂದು ನಾನು ಸಿಟ್ಟಾಗಿಲ್ಲ. ಯಂತ್ರ ಎಂದ ಮೇಲೆ ಕೆಡುತ್ತದೆ. ಸಾಫ್ಟ್‌ವೇರ್ ಬರೆಯುವವರು, ಬರೆಸುವವರು ಇದನ್ನು ಚೆನ್ನಾಗಿ ಬಲ್ಲರು. ನನ್ನ ಸಿಟ್ಟಿರುವುದು ಎದ್ದ ಮೇಲೆ ನಡೆಯುವುದರ ಮೇಲೆ, ಅಂದರೆ ಏನೂ ನಡೆಯದಿರುವುದರ ಮೇಲೆ. ಏಕೆ ಬಿತ್ತು, ಯಾವುದು ಬಿತ್ತು, ಮತ್ತೆ ಬೀಳದಂತೆ ಏನು ಮಾಡಿದಿರಿ ಎಂದು ಯಾರೂ ಸಾರ್ವಜನಿಕವಾಗಿ ಕೇಳುವುದಿಲ್ಲ. ಕೇಳದಿದ್ದ ಮೇಲೆ ಅವರು ಹೇಳುವುದೂ ಇಲ್ಲ.

ನಾವು ಬರೆಯುವ ಕಾಗದ

ಈ ಪತ್ರಿಕೆ ಓದುವವರಲ್ಲಿ ಪುಣೆಯ ಹಿಂಜೆವಾಡಿ, ಹೈದರಾಬಾದಿನ ಗಚ್ಚಿಬೌಲಿ, ಚೆನ್ನೈನ ಓಎಂಆರ್‌ಗಳಲ್ಲಿ ಅನ್ನ ಹುಡುಕಿಕೊಂಡವರು ಬಹಳ ಮಂದಿ. ಅವರಿಗೆ ಆರ್‌ಸಿಎ ಎಂದರೇನೆಂದು ವಿವರಿಸಬೇಕಿಲ್ಲ. ಹೆಸರು ಕೇಳಿದರೇ ನಿದ್ದೆ ಹಾರುತ್ತದೆ. ಸಾಹಿತ್ಯ ಓದುವ, ಇತಿಹಾಸ ಓದುವ ವಿದ್ಯಾರ್ಥಿ ಮಿತ್ರರಿಗಾಗಿ ಹೇಳುತ್ತೇನೆ: ರೂಟ್ ಕಾಸ್ ಅನಾಲಿಸಿಸ್, ಅಂದರೆ ಮೂಲ ಕಾರಣದ ವಿಶ್ಲೇಷಣೆ. ಹೊರದೇಶದ ಗಿರಾಕಿಯ ವ್ಯವಸ್ಥೆಯೊಂದು ಇಪ್ಪತ್ತು ನಿಮಿಷ ನಿಂತರೂ ಸಾಕು, ಇಲ್ಲಿ ಕೂತ ತಂಡ ಒಂದು ಕಾಗದ ಬರೆದು ಕೊಡಬೇಕು. ಎಷ್ಟು ಗಂಟೆಗೆ ಏನಾಯಿತು, ಯಾರು ಮೊದಲು ನೋಡಿದರು, ಯಾವ ಬದಲಾವಣೆಯಿಂದ ಆಯಿತು, ಆ ಬದಲಾವಣೆಗೆ ಒಪ್ಪಿಗೆ ಕೊಟ್ಟವರು ಯಾರು, ಹಿಂದಕ್ಕೆ ತೆಗೆದುಕೊಳ್ಳಲು ಏಕೆ ತಡವಾಯಿತು, ಮುಂದೆ ಆಗದಂತೆ ಏನು ಮಾಡುತ್ತೀರಿ, ಯಾವ ತಾರೀಖಿನೊಳಗೆ ಮಾಡುತ್ತೀರಿ.

ಈ ಕಾಗದದಲ್ಲಿ "ಸಣ್ಣಪುಟ್ಟ ತಾಂತ್ರಿಕ ಸಮಸ್ಯೆ" ಎಂದು ಬರೆದು ಕಳಿಸಿ ನೋಡಿ. ಅರ್ಧ ಗಂಟೆಯೊಳಗೆ ಗಿರಾಕಿಯ ಕಡೆಯಿಂದ ಕರೆ ಬರುತ್ತದೆ. "ಏಕೆ?" ಎಂದು ಕೇಳುತ್ತಾರೆ. ಉತ್ತರ ಕೊಟ್ಟರೆ ಅದಕ್ಕೂ "ಏಕೆ?". ಹೀಗೆ ಐದು ಸಲ ಏಕೆ ಎಂದು ಕೇಳುವುದೇ ಈ ಪದ್ಧತಿಯ ತಿರುಳು. ಮನುಷ್ಯನ ತಪ್ಪು ಎಂದು ಬರೆದರೂ ಒಪ್ಪುವುದಿಲ್ಲ. ಒಬ್ಬ ಮನುಷ್ಯ ತಪ್ಪು ಮಾಡಿದರೆ ಇಡೀ ವ್ಯವಸ್ಥೆ ಬೀಳುವಂತೆ ಕಟ್ಟಿದವರು ಯಾರು ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಸರಿಯಾದ ಪ್ರಶ್ನೆಯೇ.

ಟೊರಾಂಟೊದ ಬ್ಯಾಂಕಿಗೆ, ಸಿಡ್ನಿಯ ವಿಮಾ ಕಂಪನಿಗೆ ರಾತ್ರಿ ಎರಡಕ್ಕೆ ಎದ್ದು ಈ ಕಾಗದ ಬರೆಯುವವರು ನಾವು. ನಮ್ಮದೇ ಊರಿನ ನೆಟ್‌ವರ್ಕ್ ಗಂಟೆಗಟ್ಟಲೆ ಬಿದ್ದಾಗ ಎರಡು ವಾಕ್ಯ ಸಾಕೆಂದು ಒಪ್ಪಿಕೊಳ್ಳುವವರೂ ನಾವೇ. ಇದು ನನಗೆ ಅರ್ಥವಾಗುವುದಿಲ್ಲ.

ಕೆನಡಾದಲ್ಲಿ ಏನಾಯಿತು

2022ರ ಜುಲೈ 8, ಶುಕ್ರವಾರ. ಕೆನಡಾದ ರಾಜರ್ಸ್ ಕಂಪನಿಯ ನೆಟ್‌ವರ್ಕ್ ಬೆಳಗಿನ 4:45ರ ಸುಮಾರಿಗೆ ಬಿತ್ತು. ಮೊಬೈಲ್, ಮನೆಯ ಇಂಟರ್ನೆಟ್, ಲ್ಯಾಂಡ್‌ಲೈನ್ ಎಲ್ಲವೂ ಒಟ್ಟಿಗೆ. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಸುಮಾರು 26 ಗಂಟೆ ಕಾಲ ತೊಂದರೆ. ಆ ದೇಶದ ಡೆಬಿಟ್ ಕಾರ್ಡ್ ವ್ಯವಸ್ಥೆ ಇಂಟರ್‌ಆಕ್ ಇದೇ ನೆಟ್‌ವರ್ಕ್ ನಂಬಿಕೊಂಡಿತ್ತು, ಆದ್ದರಿಂದ ಅಂಗಡಿಗಳಲ್ಲಿ ಕಾರ್ಡ್ ಉಜ್ಜಿದರೆ ಹಣ ಹೋಗಲಿಲ್ಲ. ತುರ್ತು ಸಂಖ್ಯೆ 911ಕ್ಕೆ ಬಹಳ ಜನರ ಕರೆ ತಲುಪಲಿಲ್ಲ. ಟೊರಾಂಟೊದಲ್ಲಿ ಅಂದು ಸಂಜೆ ದಿ ವೀಕೆಂಡ್ ಎಂಬ ಗಾಯಕನ ಕಾರ್ಯಕ್ರಮವಿತ್ತು; ಅದು ಮುಂದಕ್ಕೆ ಹೋಯಿತು. ಕಾರ್ಯಕ್ರಮ ನಡೆಯಬೇಕಿದ್ದ ಕ್ರೀಡಾಂಗಣದ ಹೆಸರೇ ರಾಜರ್ಸ್ ಸೆಂಟರ್.

ಇದು ಸುದ್ದಿ. ಇಷ್ಟು ಮುಂಬೈನಲ್ಲೂ ಇತ್ತು, ದೆಹಲಿಯಲ್ಲೂ ಇತ್ತು. ವ್ಯತ್ಯಾಸ ಶುರುವಾಗುವುದು ಇದರ ನಂತರ. ಅಲ್ಲಿನ ನಿಯಂತ್ರಕ ಸಂಸ್ಥೆ ಸಿಆರ್‌ಟಿಸಿ ಕೆಲವೇ ದಿನಗಳಲ್ಲಿ ಕಂಪನಿಗೆ ಉದ್ದನೆಯ ಪ್ರಶ್ನೆಪಟ್ಟಿ ಕಳಿಸಿ ಉತ್ತರ ಪಡೆಯಿತು. ಸಂಸದೀಯ ಸಮಿತಿ ಕಂಪನಿಯ ಮುಖ್ಯಸ್ಥರನ್ನು ಕರೆದು ಕೂರಿಸಿ ಕೇಳಿತು. ಆಮೇಲೆ ಝೋನಾ ಪಾರ್ಟ್‌ನರ್ಸ್ ಎಂಬ ಹೊರಗಿನ ತಜ್ಞ ಸಂಸ್ಥೆ ಪರಿಶೀಲನೆ ನಡೆಸಿತು. ಆ ವರದಿಯ ಸಾರಾಂಶ 2024ರ ಜುಲೈನಲ್ಲಿ ಸಾರ್ವಜನಿಕವಾಯಿತು. ಯಾರು ಬೇಕಾದರೂ ಓದಬಹುದು. ನಾನು ಓದಿದೆ. ಇಂಥ ಕಾಗದ ಒಂದು ಸಮಾಜಕ್ಕೆ ಏನು ಕೊಡುತ್ತದೆಂದು ತೋರಿಸಲು ಅದರಲ್ಲಿರುವ ನಾಲ್ಕು ಸಂಗತಿ ಹೇಳಬೇಕು.

ಒಂದು, ಕಾರಣ. ಕಂಪನಿ ತನ್ನ ಕೋರ್ ನೆಟ್‌ವರ್ಕನ್ನು ಏಳು ಹಂತಗಳಲ್ಲಿ ಮೇಲ್ದರ್ಜೆಗೆ ಏರಿಸುತ್ತಿತ್ತು. ಆರನೆಯ ಹಂತದಲ್ಲಿ ರೂಟರುಗಳ ಸಂರಚನೆಯಿಂದ ಒಂದು ಫಿಲ್ಟರನ್ನು ತೆಗೆದುಹಾಕಿದರು. ಯಾವ ಮಾಹಿತಿ ಯಾವ ದಾರಿಯಲ್ಲಿ ಹೋಗಬೇಕೆಂಬ ಪಟ್ಟಿಗಳನ್ನು ರೂಟರುಗಳು ಒಂದಕ್ಕೊಂದು ಹೇಳಿಕೊಳ್ಳುತ್ತವೆ. ಬೇಕಾದಷ್ಟನ್ನು ಮಾತ್ರ ಒಳಗೆ ಬಿಡುವುದು ಫಿಲ್ಟರಿನ ಕೆಲಸ. ಅದು ಹೋದ ಕೂಡಲೇ ಪಟ್ಟಿಗಳ ಪ್ರವಾಹ ಕೋರ್ ರೂಟರುಗಳ ಮೇಲೆ ನುಗ್ಗಿತು. ಹೊರೆ ಮೀರಿದರೆ ತಡೆಯುವ ರಕ್ಷಣೆಯನ್ನೂ ಅಲ್ಲಿ ಇಟ್ಟಿರಲಿಲ್ಲ. ನಿಮಿಷಗಳಲ್ಲಿ ಎಲ್ಲ ಮಲಗಿದವು. ಮೊಬೈಲಿಗೂ ತಂತಿಯ ಸೇವೆಗೂ ಒಂದೇ ಕೋರ್ ಇದ್ದುದರಿಂದ ಎರಡೂ ಸತ್ತವು.

ಎರಡು, ಕಾರಣದ ಹಿಂದಿನ ಕಾರಣ. ಇಡೀ ಕೆಲಸವನ್ನು ಮೊದಲು ಹೆಚ್ಚು ಅಪಾಯದ್ದು ಎಂದೇ ಗುರುತಿಸಿದ್ದರು. ಆದರೆ ಮೊದಲ ಹಂತಗಳು ಸಲೀಸಾಗಿ ಮುಗಿದಿದ್ದರಿಂದ, ಅಪಾಯ ಲೆಕ್ಕ ಹಾಕುವ ಅಲ್ಗಾರಿದಮ್ ಆರನೆಯ ಹಂತವನ್ನು ಕಡಿಮೆ ಅಪಾಯ ಎಂದು ಇಳಿಸಿತು. ಅಪಾಯ ಕಡಿಮೆ ಎಂದಾದ ಮೇಲೆ ಬಿಗಿ ತಪಾಸಣೆ ಏಕೆ? ಪ್ರಾಜೆಕ್ಟ್ ನಡೆಸುವವರೆಲ್ಲ ಈ ಒಂದು ವಾಕ್ಯವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಐದು ಸಲ ಹೊಳೆ ದಾಟಿದವನಿಗೆ ಆರನೆಯ ಸಲ ಹೊಳೆ ಆಳ ಕಡಿಮೆ ಮಾಡಿಕೊಳ್ಳುವುದಿಲ್ಲ.

ಮೂರು, ಎದ್ದೇಳಲು ಅಷ್ಟು ಹೊತ್ತು ಏಕಾಯಿತು ಎಂಬುದು. ರಾಜರ್ಸ್ ಎಂಜಿನಿಯರುಗಳು ತಮ್ಮೊಳಗೆ ಮಾತಾಡಲೂ ರಾಜರ್ಸ್ ಫೋನನ್ನೇ ನೆಚ್ಚಿದ್ದರು. ನೆಟ್‌ವರ್ಕ್ ರಿಪೇರಿ ಮಾಡಲು ಇರುವ ನಿರ್ವಹಣಾ ಜಾಲವೂ ಅದೇ ಬಿದ್ದ ಕೋರ್ ಮೇಲೆಯೇ ನಿಂತಿತ್ತು. ಬೀಗದ ಕೈ ಬೀಗ ಹಾಕಿದ ಮನೆಯೊಳಗೇ ಉಳಿದಂತೆ. ಕೊನೆಗೆ ಬೇರೆ ಕಂಪನಿಗಳ ಸಿಮ್ ಕಾರ್ಡುಗಳನ್ನು ತಮ್ಮ ಸಿಬ್ಬಂದಿಗೆ ಕಳಿಸಿಕೊಡಬೇಕಾಯಿತು. ರೂಟರಿನ ದೋಷದ ದಾಖಲೆಗಳು ಕೈಗೆ ಸಿಗಲು ಹದಿನಾಲ್ಕು ಗಂಟೆ ಹಿಡಿಯಿತು.

ನಾಲ್ಕು, ತುರ್ತು ಕರೆ. ಸಾಮಾನ್ಯವಾಗಿ ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೆ ಫೋನು ತುರ್ತು ಕರೆಗೆ ಸಿಕ್ಕ ಯಾವುದೇ ಕಂಪನಿಯ ಗೋಪುರವನ್ನು ಹಿಡಿದುಕೊಳ್ಳುತ್ತದೆ. ಅಂದು ಬಹಳ ಕಡೆ ಹಾಗಾಗಲಿಲ್ಲ. ಏಕೆಂದರೆ ರಾಜರ್ಸ್ ಗೋಪುರಗಳು ಉರಿಯುತ್ತಲೇ ಇದ್ದವು, ಸತ್ತದ್ದು ಹಿಂದಿನ ಕೋರ್. ಗೋಪುರ ಕಾಣುತ್ತಿದೆಯಲ್ಲ ಎಂದು ಫೋನುಗಳು ಅದಕ್ಕೇ ಅಂಟಿಕೊಂಡು ಕೂತವು. ಪ್ರತಿಸ್ಪರ್ಧಿಗಳಾದ ಬೆಲ್ ಮತ್ತು ಟೆಲಸ್ ನೆರವು ನೀಡಲು ಮುಂದೆ ಬಂದರೂ ಪ್ರಯೋಜನವಾಗಲಿಲ್ಲ. ಗ್ರಾಹಕರನ್ನು ಗುರುತಿಸುವ ಮಾಹಿತಿಯೆಲ್ಲ ಆ ಸತ್ತ ಕೋರಿನ ಹಿಂದೆ ಸಿಕ್ಕಿಹಾಕಿಕೊಂಡಿತ್ತು.

ಈ ನಾಲ್ಕೂ ಹೊರಬಂದದ್ದರಿಂದ ಏನಾಯಿತು? ಮೊಬೈಲ್ ಮತ್ತು ತಂತಿ ಸೇವೆಗಳ ಕೋರ್‌ಗಳನ್ನು ಬೇರ್ಪಡಿಸುತ್ತೇವೆಂದು ಕಂಪನಿ ಒಪ್ಪಿಕೊಳ್ಳಬೇಕಾಯಿತು. ಸಚಿವ ಫ್ರಾನ್ಸ್ವಾ ಫಿಲಿಪ್ ಶಾಂಪೇನ್ ಒತ್ತಾಯಕ್ಕೆ, ಒಬ್ಬರು ಬಿದ್ದಾಗ ಇನ್ನೊಬ್ಬರು ನೆರವಾಗಬೇಕೆಂಬ ಒಪ್ಪಂದಕ್ಕೆ ದೊಡ್ಡ ಕಂಪನಿಗಳೆಲ್ಲ ಎರಡು ತಿಂಗಳಲ್ಲಿ ಸಹಿ ಹಾಕಿದವು. ಇಂಟರ್‌ಆಕ್ ಇನ್ನೊಂದು ಕಂಪನಿಯ ಸಂಪರ್ಕವನ್ನೂ ಸೇರಿಸಿಕೊಂಡಿತು. ಕಂಪನಿಯ ತಂತ್ರಜ್ಞಾನ ಮುಖ್ಯಸ್ಥರು ಬದಲಾದರು. ಗ್ರಾಹಕರಿಗೆ ಐದು ದಿನದ ಬಾಡಿಗೆ ವಾಪಸು ಬಂತು.

ಆಸ್ಟ್ರೇಲಿಯಾದಲ್ಲಿ ಇದೇ ಕತೆ 2023ರ ನವೆಂಬರ್ 8ರಂದು. ಆಪ್ಟಸ್ ಕಂಪನಿ, ಒಂದು ಕೋಟಿ ಗ್ರಾಹಕರು, ಸುಮಾರು 14 ಗಂಟೆ. ಮೆಲ್ಬೋರ್ನಿನಲ್ಲಿ ಬೆಳಗಿನ ರೈಲುಗಳೇ ನಿಂತವು. ಹತ್ತು ದಿನದೊಳಗೆ ಸೆನೆಟ್ ಸಮಿತಿ ಕಂಪನಿಯನ್ನು ಕರೆಸಿತು. ಇಡೀ ನೆಟ್‌ವರ್ಕ್ ಬಿದ್ದರೆ ಏನು ಮಾಡಬೇಕೆಂಬ ಯೋಜನೆಯೇ ತಮ್ಮಲ್ಲಿರಲಿಲ್ಲ ಎಂಬ ಮಾತು ಅಲ್ಲಿ ಬಹಿರಂಗವಾಗಿ ಬಂತು. ನವೆಂಬರ್ 20ರಂದು ಮುಖ್ಯಸ್ಥೆ ಕೆಲ್ಲಿ ಬೇಯರ್ ರೋಸ್‌ಮರಿನ್ ರಾಜೀನಾಮೆ ಕೊಟ್ಟರು. ಸರ್ಕಾರ ನೇಮಿಸಿದ ಪರಿಶೀಲನೆ ಹದಿನೆಂಟು ಶಿಫಾರಸು ಮಾಡಿತು. 2,145 ಜನರ ತುರ್ತು ಕರೆ ಹೋಗಲಿಲ್ಲ ಎಂದು ನಿಯಂತ್ರಕರು ಒಂದೊಂದನ್ನೂ ಎಣಿಸಿ ಹೇಳಿದರು. ಕಂಪನಿ ಒಂದು ಕೋಟಿ ಇಪ್ಪತ್ತು ಲಕ್ಷ ಡಾಲರಿಗೂ ಮೀರಿ ದಂಡ ಕಟ್ಟಿತು.

ಇಷ್ಟಾದರೂ ಅದೇ ಆಪ್ಟಸ್ 2025ರ ಸೆಪ್ಟೆಂಬರ್ 18ರಂದು ಒಂದು ಫೈರ್‌ವಾಲ್ ಬದಲಾವಣೆಯಲ್ಲಿ ಮತ್ತೆ ಎಡವಿತು. ತುರ್ತು ಕರೆಗಳು ಮತ್ತೆ ತಪ್ಪಿದವು, ಈ ಬಾರಿ ಸಾವುಗಳೂ ಅದಕ್ಕೆ ತಳುಕು ಹಾಕಿಕೊಂಡವು. ವರದಿ ಬರೆದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಎರಡನೆಯ ಸಲ ಅಲ್ಲಿನ ಜನರ ಕೈಯಲ್ಲಿ ಮೊದಲನೆಯ ಸಲದ ಕಾಗದ ಇತ್ತು. ಇದನ್ನು ಮಾಡುತ್ತೇವೆಂದಿರಿ, ಏಕೆ ಮಾಡಲಿಲ್ಲ ಎಂದು ಕೇಳಲು ಅವರಿಗೆ ಹಿಡಿತವಿತ್ತು. ನಮ್ಮ ಕೈಯಲ್ಲಿ ಏನಿದೆ? ಸ್ಕ್ರೀನ್‌ಶಾಟು.

ನಮ್ಮ ನಿಯಮದ ಲೆಕ್ಕ

ನಮ್ಮಲ್ಲಿ ನಿಯಮವೇ ಇಲ್ಲವೆಂದಲ್ಲ. ಟ್ರಾಯ್ 2024ರ ಆಗಸ್ಟ್ 2ರಂದು ಸೇವಾ ಗುಣಮಟ್ಟದ ಹೊಸ ನಿಯಮಾವಳಿ ತಂದಿತು. ಅಕ್ಟೋಬರ್ 1ರಿಂದ ಹಂತಹಂತವಾಗಿ ಜಾರಿಯಾಯಿತು. ಅದರ ಪ್ರಕಾರ ಒಂದು ಜಿಲ್ಲೆಯ ಸೇವೆ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ನಿಂತರೆ ಕಂಪನಿ 24 ಗಂಟೆಯೊಳಗೆ ಟ್ರಾಯ್‌ಗೆ ತಿಳಿಸಬೇಕು. ಕಡಿತ 24 ಗಂಟೆ ಮೀರಿದರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಆ ದಿನಗಳ ಬಾಡಿಗೆ ಬಿಡಬೇಕು, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಿಸಬೇಕು. ಗುಣಮಟ್ಟ ತಪ್ಪಿದರೆ ದಂಡ ಒಂದು ಲಕ್ಷದಿಂದ ಹತ್ತು ಲಕ್ಷ ರೂಪಾಯಿವರೆಗೆ.

ಕೇಳಲು ಚೆನ್ನಾಗಿದೆ. ಈಗ ಲೆಕ್ಕ ಮಾಡೋಣ. ಆಪ್ಟಸ್ ಕಡಿತ 14 ಗಂಟೆಯದು. ಆ ದೇಶದಲ್ಲಿ ಮುಖ್ಯಸ್ಥೆಯ ಕುರ್ಚಿ ಹೋಯಿತು. ಅದೇ ನಮ್ಮಲ್ಲಿ ಆಗಿದ್ದರೆ, 24 ಗಂಟೆ ಮೀರಿಲ್ಲವಾದ್ದರಿಂದ, ಗ್ರಾಹಕನಿಗೆ ಒಂದು ಪೈಸೆಯೂ ಸಿಗುತ್ತಿರಲಿಲ್ಲ. ರಾಜರ್ಸ್ ಕಡಿತ 26 ಗಂಟೆಯದು, ಹೇಗೋ ಗೆರೆ ದಾಟುತ್ತದೆ. 28 ದಿನಕ್ಕೆ 299 ರೂಪಾಯಿಯ ಪ್ಯಾಕ್ ಹಾಕಿಸಿಕೊಂಡವನಿಗೆ ಒಂದು ದಿನದ ಬೆಲೆ ಹತ್ತು ರೂಪಾಯಿ ಎಪ್ಪತ್ತು ಪೈಸೆಗೆ ಒಂದೆರಡು ಪೈಸೆ ಕಮ್ಮಿ. ಒಂದು ಕಟಿಂಗ್ ಚಹಾದ ದುಡ್ಡು. ಒಂದು ದೇಶವನ್ನೇ ಅಲುಗಾಡಿಸಿದ ದುರಂತಕ್ಕೆ ನಮ್ಮ ನಿಯಮ ಕಟ್ಟುವ ಬೆಲೆ ಇದು. ಹತ್ತು ಲಕ್ಷದ ದಂಡವಂತೂ ಕೋಟಿಗಟ್ಟಲೆ ಲಾಭ ಮಾಡುವ ಕಂಪನಿಗೆ ಸೊಳ್ಳೆ ಕಚ್ಚಿದಷ್ಟು.

ವರದಿ ಹೋಗುವುದು ಟ್ರಾಯ್‌ಗೆ. ಕಡಿತ ಅನುಭವಿಸುವುದು ನಾವು. ನಡುವೆ ಒಂದು ಗೋಡೆಯಿದೆ. ನಾವು ತಟ್ಟಬೇಕಾದದ್ದು ಅದನ್ನು.

ಇಲ್ಲಿ ಇನ್ನೊಂದು ಹೋಲಿಕೆ ನೆನಪಿಸಬೇಕು. ಸರ್ಕಾರವೇ ಇಂಟರ್ನೆಟ್ ನಿಲ್ಲಿಸಿದರೆ ಆ ಆದೇಶವನ್ನು ಪ್ರಕಟಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು ಅನುರಾಧಾ ಭಾಸಿನ್ ಪ್ರಕರಣದಲ್ಲಿ ಹೇಳಿತು. ಪಾಲನೆ ಎಷ್ಟರ ಮಟ್ಟಿಗೆ ಎಂಬುದು ಬೇರೆ ಮಾತು, ತತ್ವವಂತೂ ಸ್ಪಷ್ಟ: ಜನರ ಸಂಪರ್ಕ ಕಡಿದವನು ಏಕೆ ಕಡಿದೆನೆಂದು ಬರೆದು ಹೇಳಬೇಕು. ಕಾನೂನು ಸುವ್ಯವಸ್ಥೆಯ ಹೆಸರಿನಲ್ಲಿ ಕಡಿದ ಸರ್ಕಾರಕ್ಕೇ ಈ ಹೊಣೆಯಿರುವಾಗ, ಅಜಾಗರೂಕತೆಯಿಂದಲೋ ಆಕಸ್ಮಿಕದಿಂದಲೋ ಕಡಿದ ಕಂಪನಿಗೆ ಏಕಿಲ್ಲ?

ಯಾರ ಗಂಟೆ ಎಷ್ಟು ಬೆಲೆಯದು

ನಾಲ್ಕು ಗಂಟೆ ನೆಟ್‌ವರ್ಕ್ ಹೋದರೆ ಪ್ರಾಣ ಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. ಹೀಗೆ ಕೇಳುವವರ ಮನೆಯಲ್ಲಿ ಒಂದು ಕಂಪನಿಯ ಫೈಬರ್, ಜೇಬಿನಲ್ಲಿ ಇನ್ನೊಂದು ಕಂಪನಿಯ ಸಿಮ್, ಆಫೀಸಿನಲ್ಲಿ ಮೂರನೆಯ ಸಂಪರ್ಕ ಇರುತ್ತದೆ. ನನ್ನಂಥವರಿಗೆ ಕಡಿತವೆಂದರೆ ಒಂದು ಮೀಟಿಂಗ್ ತಪ್ಪಿತು, ಕ್ಯಾಮೆರಾ ಆಫ್ ಮಾಡಿ ಹಾಟ್‌ಸ್ಪಾಟಿನಲ್ಲಿ ಸೇರಿಕೊಂಡೆವು, ಮುಗಿಯಿತು.

ಆದರೆ ಈ ದೇಶದ ಮೊಬೈಲ್ ಗ್ರಾಹಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಪ್ರೀಪೇಯ್ಡ್‌ನವರು. ಪುಣೆ, ಮುಂಬೈಗಳಲ್ಲಿ ಕಟ್ಟಡ ಕಟ್ಟುವ ನಮ್ಮ ಕಲಬುರಗಿ, ಯಾದಗಿರಿ, ವಿಜಯಪುರದ ಜನ ಅವರಲ್ಲಿದ್ದಾರೆ. ಅವರಿಗೆ ಇರುವುದು ಒಂದು ಸಿಮ್. ಮುಕಾದಮನ ಕರೆ ಬಂದರೆ ಇಂದಿನ ಕೂಲಿ, ಬರದಿದ್ದರೆ ಇಲ್ಲ. ಊರಲ್ಲಿ ಬಿಟ್ಟುಬಂದ ಮಗುವಿಗೆ ಜ್ವರ ಎಂದರೆ ಅದೇ ಸಿಮ್ಮಿಗೆ ಸುದ್ದಿ ಬರಬೇಕು, ಅದೇ ಸಿಮ್ಮಿನಿಂದ ದುಡ್ಡು ಹೋಗಬೇಕು. ಸ್ವಿಗ್ಗಿ, ಜೊಮ್ಯಾಟೊ ಹುಡುಗನಿಗೆ ನೆಟ್‌ವರ್ಕ್ ಹೋದರೆ ಆರ್ಡರ್ ಇಲ್ಲ; ಮಧ್ಯಾಹ್ನದ ಹೊತ್ತು ಹೋದರೆ ಅರ್ಧ ದಿನದ ದುಡಿಮೆಯೇ ಹೋಯಿತು. ಆಟೋ ಚಾಲಕ ಗಿರಾಕಿಯನ್ನು ಇಳಿಸಿ, ಯುಪಿಐ ಆಗುತ್ತಿಲ್ಲ ಎಂಬ ಮಾತು ಕೇಳಿ, ನಂಬಿ ಬಿಟ್ಟುಬಿಡಬೇಕು. ಹಾಸ್ಟೆಲಿನ ವಿದ್ಯಾರ್ಥಿ ಪರೀಕ್ಷಾ ಅರ್ಜಿಯ ಕೊನೆಯ ದಿನ ಓಟಿಪಿಗಾಗಿ ಕಾಯುತ್ತ ಕೂರಬೇಕು.

ಗ್ಯಾಸ್ ಬುಕ್ಕಿಂಗಿಗೆ ಓಟಿಪಿ, ಬ್ಯಾಂಕಿಗೆ ಓಟಿಪಿ, ಆಧಾರಿಗೆ ಓಟಿಪಿ. ನಗದು ಬಿಡಿ, ಸಾಲು ಬಿಡಿ, ಎಲ್ಲ ಫೋನಿನಲ್ಲೇ ಮಾಡಿ ಎಂದು ಹತ್ತು ವರ್ಷ ಹೇಳಿಕೊಟ್ಟು, ಆ ಫೋನು ಸತ್ತ ದಿನ ಸಣ್ಣಪುಟ್ಟ ಸಮಸ್ಯೆ ಎಂದರೆ ಹೇಗೆ? ಬಳಸಲೇಬೇಕೆಂದು ಕಡ್ಡಾಯ ಮಾಡಿದ ವಸ್ತುವನ್ನು ಐಷಾರಾಮಿ ವಸ್ತುವಿನಂತೆ ನಡೆಸಿಕೊಳ್ಳುವುದು ಅನ್ಯಾಯ.

ಬರುವ ಉತ್ತರಗಳು

ಇದನ್ನೆಲ್ಲ ಮಾತಾಡಿದಾಗ ನಾಲ್ಕು ಉತ್ತರ ಬರುತ್ತವೆ.

ಮೊದಲನೆಯದು, ನಮ್ಮಲ್ಲಿ ಡೇಟಾ ಅಗ್ಗ, ಇಷ್ಟು ಕಡಿಮೆ ದುಡ್ಡಿಗೆ ಇನ್ನೇನು ನಿರೀಕ್ಷಿಸುತ್ತೀರಿ ಎಂಬುದು. ಅಗ್ಗ ನಿಜ. ಆದರೆ 2024ರ ಜುಲೈನಲ್ಲಿ ದೊಡ್ಡ ಖಾಸಗಿ ಕಂಪನಿಗಳು ಒಂದರ ಹಿಂದೊಂದು ದರ ಏರಿಸಿದವು, ಶೇಕಡಾ ಹತ್ತರಿಂದ ಇಪ್ಪತ್ತೈದರವರೆಗೆ. ಆಗ ಅಗ್ಗದ ಮಾತು ಬರಲಿಲ್ಲ, ಗುಣಮಟ್ಟ ಮತ್ತು ಹೂಡಿಕೆಯ ಮಾತು ಬಂತು. ಮುಂಬೈ ಕುಸಿದದ್ದು ಅದಾದ ಎರಡೂವರೆ ತಿಂಗಳಿಗೆ. ಅಷ್ಟಕ್ಕೂ ನಾನು ಕೇಳುತ್ತಿರುವುದು ಚಿನ್ನದ ಗೋಪುರವಲ್ಲ, ಆರೇಳು ಪುಟದ ವರದಿ. ಅದಕ್ಕೆ ತಗಲುವ ಖರ್ಚು ಒಬ್ಬ ಎಂಜಿನಿಯರನ ಒಂದು ವಾರದ ಸಂಬಳ. ಆ ಎಂಜಿನಿಯರ್ ಒಳಗಿನವರಿಗಾಗಿ ಅದನ್ನು ಈಗಾಗಲೇ ಬರೆದಿರುತ್ತಾನೆ, ಬರೆಯದೆ ಇಷ್ಟು ದೊಡ್ಡ ನೆಟ್‌ವರ್ಕ್ ನಡೆಸಲಾಗದು.

ಎರಡನೆಯದು, ಭದ್ರತೆ. ವಿವರ ಹೊರಬಂದರೆ ಶತ್ರುಗಳಿಗೆ ಗೊತ್ತಾಗುತ್ತದಂತೆ. ಕೆನಡಾದವರಿಗೂ ಶತ್ರುಗಳಿದ್ದಾರೆ. ಅವರು ಸೂಕ್ಷ್ಮ ಭಾಗಗಳನ್ನು ಕಪ್ಪು ಮಾಡಿ ಉಳಿದದ್ದನ್ನು ಪ್ರಕಟಿಸಿದರು. ರೂಟರಿನ ವಿಳಾಸ ನನಗೆ ಬೇಡ. ಫಿಲ್ಟರ್ ತೆಗೆದಿರಾ, ಬೆಂಕಿ ಬಿತ್ತಾ, ವಿದ್ಯುತ್ ಹೋಯಿತಾ, ಬದಲಿ ವ್ಯವಸ್ಥೆ ಏಕೆ ಕೆಲಸ ಮಾಡಲಿಲ್ಲ, ಇಷ್ಟು ಸಾಕು.

ಮೂರನೆಯದು, ಬೇಡವಾದರೆ ಬೇರೆ ಕಂಪನಿಗೆ ಪೋರ್ಟ್ ಆಗಿ. ಎಲ್ಲಿಗೆ? ಒಂದು ಕಾಲಕ್ಕೆ ಹತ್ತಕ್ಕೂ ಹೆಚ್ಚು ಕಂಪನಿಗಳಿದ್ದ ಮಾರುಕಟ್ಟೆಯಲ್ಲಿ ಈಗ ನಾಲ್ಕರಲ್ಲಿ ಮೂರು ಪಾಲು ಗ್ರಾಹಕರು ಎರಡೇ ಕಂಪನಿಗಳ ಕೈಯಲ್ಲಿದ್ದಾರೆ. ಆ ಎರಡೂ ಬಿದ್ದದ್ದನ್ನು ನೋಡಿದ್ದೇವೆ. ಯಾವುದು ಏಕೆ ಬಿತ್ತೆಂದು ತಿಳಿಯದೆ ಯಾವುದು ಉತ್ತಮವೆಂದು ಆರಿಸುವುದು ಹೇಗೆ? ಮಾಹಿತಿಯೇ ಇಲ್ಲದ ಮಾರುಕಟ್ಟೆಯಲ್ಲಿ ಆಯ್ಕೆ ಎಂಬುದು ಚೀಟಿ ಎತ್ತಿದಂತೆ.

ನಾಲ್ಕನೆಯದು, ಎಲ್ಲ ದೇಶಗಳಲ್ಲೂ ಬೀಳುತ್ತದೆ ಬಿಡಿ ಎಂಬ ಸಮಾಧಾನ. ಹೌದು, ಬೀಳುತ್ತದೆ. ಅದಕ್ಕೇ ಈ ಲೇಖನದಲ್ಲಿ ಆ ದೇಶಗಳ ಬಗ್ಗೆ ಇಷ್ಟುದ್ದ ಬರೆದೆ. ಬೀಳುವುದರಲ್ಲಿ ನಾವು ಅವರಿಗೆ ಸಮ. ಬಿದ್ದ ಮೇಲೆ ಲೆಕ್ಕ ಕೊಡುವುದರಲ್ಲಿ ಸಮವಲ್ಲ.

ಕಾರಣ ತಿಳಿಯದಿದ್ದರೆ ಪರಿಹಾರ ಕೇಳಲೂ ಬರುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಒಬ್ಬರ ನೆಟ್‌ವರ್ಕ್ ಇಲ್ಲದ ಕಡೆ ಇನ್ನೊಬ್ಬರ ಗೋಪುರ ಬಳಸಲು ಬಿಡುವ ಇಂಟ್ರಾ ಸರ್ಕಲ್ ರೋಮಿಂಗ್ ವ್ಯವಸ್ಥೆ ನಮ್ಮಲ್ಲಿದೆ. 2025ರ ಆಗಸ್ಟ್‌ನ ಪ್ರವಾಹದಲ್ಲಿ ಜಮ್ಮು ಕಾಶ್ಮೀರದಲ್ಲಿ ದೂರಸಂಪರ್ಕ ಇಲಾಖೆ ಅದನ್ನು ಚಾಲೂ ಮಾಡಿಸಿತು. ಹಾಗಿದ್ದರೆ ನಗರಗಳಲ್ಲಿ ನೆಟ್‌ವರ್ಕ್ ಬಿದ್ದಾಗಲೂ ಅದನ್ನೇ ಮಾಡಿ ಎನ್ನಬಹುದಲ್ಲ? ಗೋಪುರ ಕೆಟ್ಟಿದ್ದರೆ ಅದು ಸಹಾಯಕ್ಕೆ ಬರುತ್ತದೆ. ಕೋರ್ ಸತ್ತಿದ್ದರೆ ಬರುವುದಿಲ್ಲ, ರಾಜರ್ಸ್‌ನಲ್ಲಿ ಬರಲಿಲ್ಲ. ಮುಂಬೈನಲ್ಲಿ ಸತ್ತದ್ದು ಯಾವುದು? ಅದು ಗೊತ್ತಾಗದೆ ಯಾವ ಔಷಧ ಕೇಳಲಿ?

ಏನು ಮಾಡಬಹುದು

ನಮ್ಮ ಸಿಟ್ಟಿಗೆ ಒಂದು ಕಾಯಿಲೆಯಿದೆ. ಕಡಿತ ಮುಗಿಯುವ ಮೊದಲೇ ಅದು ಮುಗಿಯುತ್ತದೆ. ಬೆಳಿಗ್ಗೆ ಬೈಗುಳ, ಮಧ್ಯಾಹ್ನ ಮೀಮು, ಸಂಜೆ ನೆಟ್‌ವರ್ಕ್ ಬಂದ ಕೂಡಲೇ ರೀಲ್ಸು. ಕಂಪನಿಗಳಿಗೆ ಇದು ಗೊತ್ತಿದೆ. ಎರಡು ವಾಕ್ಯದ ಹೇಳಿಕೆ ಸಾಕೆಂದು ಅವರು ಕಲಿತದ್ದು ನಮ್ಮಿಂದಲೇ.

ಆದರೆ ನಾವು ಕೂತು ಬರೆದರೆ ಕೆಲಸವಾಗುತ್ತದೆ ಎಂಬುದಕ್ಕೆ ಸಾಕ್ಷಿಯೂ ನಮ್ಮಲ್ಲೇ ಇದೆ. 2015ರಲ್ಲಿ ನೆಟ್ ನ್ಯೂಟ್ರಾಲಿಟಿ ಪ್ರಶ್ನೆ ಬಂದಾಗ ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲು ಹೋದವು. 2016ರ ಫೆಬ್ರುವರಿ 8ರಂದು ಟ್ರಾಯ್, ತಾಣಕ್ಕೊಂದು ದರ ಎಂಬ ಪದ್ಧತಿಯನ್ನು ನಿಷೇಧಿಸಿತು. ಎದುರಿಗಿದ್ದುದು ಜಗತ್ತಿನ ಅತಿ ದೊಡ್ಡ ಕಂಪನಿಗಳಲ್ಲೊಂದು. ಗೆದ್ದದ್ದು ಇಮೇಲು ಬರೆದವರು. ಅವರಲ್ಲಿ ಬಹಳಷ್ಟು ಮಂದಿ ನಮ್ಮಂಥವರೇ, ಕಂಪ್ಯೂಟರ್ ಮುಂದೆ ಕೂತು ದುಡಿಯುವವರು, ಓದುತ್ತಿದ್ದ ಹುಡುಗ ಹುಡುಗಿಯರು.

ನನ್ನ ಬೇಡಿಕೆ ಮೂರು. ಒಂದು ಜಿಲ್ಲೆಯ ಸೇವೆ ನಾಲ್ಕು ಗಂಟೆ ಮೀರಿ ನಿಂತರೆ, ಮೂವತ್ತು ದಿನದೊಳಗೆ ಮೂಲ ಕಾರಣದ ವರದಿ ಟ್ರಾಯ್ ತಾಣದಲ್ಲಿ ಪ್ರಕಟವಾಗಲಿ. ಇಂಗ್ಲಿಷಿನಲ್ಲಷ್ಟೇ ಅಲ್ಲ, ಆ ರಾಜ್ಯದ ಭಾಷೆಯಲ್ಲೂ. ಪರಿಹಾರದ ಲೆಕ್ಕ ದಿನಕ್ಕಲ್ಲ, ಗಂಟೆಗೆ ಆಗಲಿ. ಕೇಳದೆಯೇ ಖಾತೆಗೆ ಬರಲಿ. ಕೋರ್ ಸತ್ತಾಗ ತುರ್ತು ಸಂಖ್ಯೆ 112ಕ್ಕೆ ಹೋಗುವ ಕರೆಯನ್ನು ಫೋನುಗಳು ಬೇರೆ ಗೋಪುರಕ್ಕೆ ದಾಟಿಸುತ್ತವೆಯೋ ಇಲ್ಲವೋ ಎಂದು ಪ್ರತಿ ಕಂಪನಿಯೂ ಪರೀಕ್ಷಿಸಿ ಫಲಿತಾಂಶ ತೋರಿಸಲಿ.

ಇದಕ್ಕೆ ಕಾಯದೆ ಇಂದೇ ಮಾಡಬಹುದಾದ ಕೆಲಸವೂ ಒಂದಿದೆ. ಟ್ರಾಯ್ ಮಾಹಿತಿ ಹಕ್ಕು ಕಾಯ್ದೆಗೆ ಒಳಪಟ್ಟ ಸಂಸ್ಥೆ. ಪಾರದರ್ಶಕವಾಗಿ ಕೆಲಸ ಮಾಡಬೇಕೆಂದು ಅದನ್ನು ಹುಟ್ಟುಹಾಕಿದ ಕಾಯ್ದೆಯೇ ಹೇಳುತ್ತದೆ. ಕೇಂದ್ರದ ಆರ್‌ಟಿಐ ಆನ್‌ಲೈನ್ ತಾಣದಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ: ನನ್ನ ಜಿಲ್ಲೆಯಲ್ಲಿ ನಾಲ್ಕು ಗಂಟೆ ಮೀರಿದ ಕಡಿತಗಳ ವರದಿ ನಿಮಗೆ ಎಷ್ಟು ಬಂದಿವೆ, ಯಾವ ಕಂಪನಿಯಿಂದ, ಕಾರಣ ಏನೆಂದು ಬರೆದಿದ್ದಾರೆ, ಪ್ರತಿ ಕೊಡಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. 8(1)(ಡಿ) ಕಲಮಿನಡಿ ವ್ಯಾಪಾರದ ಗುಟ್ಟು ಎಂದು ತಳ್ಳಿಹಾಕಿದರೆ, ಸಾರ್ವಜನಿಕ ಹಿತ ಅದಕ್ಕಿಂತ ದೊಡ್ಡದಿದ್ದಾಗ ಕೊಡಬಹುದೆಂದು ಅದೇ ಕಲಮು ಹೇಳುತ್ತದೆ, ಮೇಲ್ಮನವಿ ಹಾಕಿ. ಮುಂಬೈನವರು ಮುಂಬೈಗೆ, ಪುಣೆಯವರು ಪುಣೆಗೆ, ಚೆನ್ನೈ, ಹೈದರಾಬಾದು, ದೆಹಲಿಯವರು ತಮ್ಮ ತಮ್ಮ ಜಿಲ್ಲೆಗೆ ಒಂದೊಂದು ಅರ್ಜಿ ಹಾಕಿದರೂ ಸಾಕು. ಬಂದ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಬರದಿದ್ದ ಉತ್ತರಗಳೂ ಸೇರಿ, ದೇಶದ ಚಿತ್ರ ಸಿಗುತ್ತದೆ.

ಮುಂದಿನ ಸಲ ನೆಟ್‌ವರ್ಕ್ ಬೀಳುತ್ತದೆ. ಅದು ಎದ್ದ ಮೇಲೆ ಮೀಮು ಕಳಿಸುವ ಮೊದಲು ಈ ಅರ್ಜಿ ಕಳಿಸಿ. ಗಿರಾಕಿ ನಮ್ಮನ್ನು ಐದು ಸಲ ಏಕೆ ಎಂದು ಕೇಳುತ್ತಾನೆ. ಇಲ್ಲಿ ಗಿರಾಕಿಗಳು ನಾವು. ಒಂದು ಸಲವಾದರೂ ಕೇಳೋಣ.